ಆಟ ಗೊತ್ತು ಅಂತ ಬೆಟ್ ಕಟ್ಟುವ ಹುಡುಗರಿಗೆ

ನಮ್ಮ ಕಾಸರಗೋಡಿನ ಹುಡುಗರಿಗೆ ಫುಟ್‌ಬಾಲ್ ಗೊತ್ತಿಲ್ಲ ಅಂತ ಯಾರೂ ಹೇಳಲಿಕ್ಕಿಲ್ಲ. ಮೊಗ್ರಾಲಿನಲ್ಲೋ ತೃಕ್ಕರಿಪುರದಲ್ಲೋ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ನೋಡಲು ಕೂತವರು ಯಾವ ಡಿಫೆಂಡರಿಗೆ ಎಡಗಾಲು ಬರುವುದಿಲ್ಲ ಅಂತ ಹತ್ತೇ ನಿಮಿಷದಲ್ಲಿ ಹೇಳುತ್ತಾರೆ. ನನಗೆ ಭಯ ಇರುವುದೂ ಅದರದ್ದೇ. ಆಟ ಇಷ್ಟು ಗೊತ್ತಿರುವಾಗ ಬೆಟ್ಟಿನಲ್ಲಿ ದುಡ್ಡು ಮಾಡಬಹುದು ಅಂತ ಇವರು ಗಟ್ಟಿಯಾಗಿ ನಂಬಿದ್ದಾರೆ. ರಾತ್ರಿ ಯುರೋಪಿನ ಮ್ಯಾಚ್ ಶುರುವಾದರೆ ಸಾಕು, ಒಂದು ಕಡೆ ಸ್ಟ್ರೀಮ್, ಇನ್ನೊಂದು ಕಡೆ ಬೆಟ್ಟಿಂಗ್ ಆ್ಯಪ್. ಇವರಿಗೆ ಬುದ್ಧಿ ಹೇಳುವುದಕ್ಕಿಂತ ಆ ಆ್ಯಪಿನಲ್ಲಿ ಬರೆದದ್ದನ್ನು ಸರಿಯಾಗಿ ಓದಿ ತೋರಿಸುವುದು ಒಳ್ಳೆಯದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೇಟು, ಅಂದರೆ ಆಡ್ಸ್. ಒಂದು ಮ್ಯಾಚಿಗೆ ಊರಿನ ಟೀಮ್ ಗೆದ್ದರೆ 2.00, ಡ್ರಾ ಆದರೆ 3.40, ಎದುರಿನ ಟೀಮ್ ಗೆದ್ದರೆ 3.60 ಅಂತ ಇದೆ ಅಂದುಕೊಳ್ಳಿ. 2.00 ಅಂದರೆ ನೂರು ಕಟ್ಟಿ ಗೆದ್ದರೆ ಇನ್ನೂರು ಕೈಗೆ ಬರುತ್ತದೆ, ಅದರಲ್ಲಿ ನೂರು ನಿಮ್ಮದೇ. ಈಗ ನೂರನ್ನು ಒಂದೊಂದೇ ರೇಟಿನಿಂದ ಭಾಗಿಸಿ. 50, 29.4, 27.8 ಬರುತ್ತದೆ. ಮ್ಯಾಚಿನಲ್ಲಿ ಈ ಮೂರರಲ್ಲಿ ಒಂದು ಆಗಲೇಬೇಕು, ಹಾಗಾಗಿ ಒಟ್ಟು ನೂರೇ ಆಗಬೇಕಿತ್ತು ಅಲ್ವಾ? ಆಗುವುದು 107.2. ಆ ಜಾಸ್ತಿ ಇರುವ 7.2ರಲ್ಲೇ ಕಂಪನಿಯ ಪಾಲು ಅಡಗಿದೆ. ಮೂರೂ ಕಡೆ ಇದೇ ಅನುಪಾತದಲ್ಲಿ ದುಡ್ಡು ಹಾಕಿದರೆ, ಯಾರೇ ಗೆದ್ದರೂ ನೂರಕ್ಕೆ 93 ರೂಪಾಯಿ ಚಿಲ್ಲರೆ ಮಾತ್ರ ವಾಪಸ್ ಬರುತ್ತದೆ. ನಮ್ಮ ಕಡೆಯ ಕೋಳಿಅಂಕದಲ್ಲಿ ನೂರು ಇಟ್ಟವನ ಎದುರು ಇನ್ನೊಬ್ಬ ನೂರು ಇಟ್ಟು ನಿಲ್ಲುತ್ತಾನೆ, ಅವನ ಮುಖ ನಿಮಗೆ ಕಾಣುತ್ತದೆ. ಇಲ್ಲಿ ಎದುರಿಗೆ ಇರುವುದು ರೇಟು ಬರೆದ ಕಂಪನಿಯೇ. ಸಲಾಹ್‌ನಂಥ ಸ್ಟಾರ್ ಆಟಗಾರ ಆಡುವುದಿಲ್ಲ, ಗೋಲ್‌ಕೀಪರಿಗೆ ಪೆಟ್ಟಾಗಿದೆ ಅಂತ ನಿಮಗೆ ಗೊತ್ತಾಗುವ ಮೊದಲೇ ಆ ಸುದ್ದಿ ರೇಟಿನೊಳಗೆ ಸೇರಿರುತ್ತದೆ.

ಇನ್ನು ಮಾರ್ಕೆಟ್‌ಗಳು, ಅಂದರೆ ಬೆಟ್ಟಿನ ಬೇರೆ ಬೇರೆ ಬಗೆಗಳು. ಗೆಲುವು-ಡ್ರಾ-ಸೋಲು ಬೆಟ್ಟಿನಲ್ಲಿ ಲೆಕ್ಕ ಆಗುವುದು 90 ನಿಮಿಷ ಮತ್ತು ಇಂಜುರಿ ಟೈಮ್ ಮಾತ್ರ. ಇದನ್ನು ಎಷ್ಟು ಜನ ಓದಿದ್ದಾರೆ? 2022ರ ಡಿಸೆಂಬರ್ 18ರ ವರ್ಲ್ಡ್ ಕಪ್ ಫೈನಲನ್ನು ನೆನಪು ಮಾಡಿಕೊಳ್ಳಿ. ಫ್ರಾನ್ಸ್ ಎದುರು ಅರ್ಜೆಂಟೀನಾ 2-0 ಮುಂದಿತ್ತು. 80ನೇ ನಿಮಿಷಕ್ಕೆ ಒಂದು, ಮರು ನಿಮಿಷವೇ ಇನ್ನೊಂದು ಅಂತ ಫ್ರಾನ್ಸಿನ ಎಂಬಾಪೆ ಎರಡು ಗೋಲು ಹೊಡೆದ. 90 ನಿಮಿಷಕ್ಕೆ 2-2, ಎಕ್ಸ್‌ಟ್ರಾ ಟೈಮ್ ಮುಗಿದಾಗ 3-3, ಕೊನೆಗೆ ಪೆನಾಲ್ಟಿಯಲ್ಲಿ 4-2. ಕಪ್ ಎತ್ತಿದ್ದು ಮೆಸ್ಸಿ. ಆದರೆ ಈ ಮಾರ್ಕೆಟ್‌ನಲ್ಲಿ ಅರ್ಜೆಂಟೀನಾ ಗೆಲುವಿಗೆ ಕಟ್ಟಿದವನು ಸೋತ, ಯಾಕೆಂದರೆ ಲೆಕ್ಕದಲ್ಲಿ ಅದು ಡ್ರಾ. ನಾಲ್ಕೂವರೆಗಿಂತ ಜಾಸ್ತಿ ಗೋಲು ಅಂತ ಕಟ್ಟಿದವನೂ ಸೋತ. ಟಿವಿಯಲ್ಲಿ ಆರು ಗೋಲು ಕಂಡಿತು, ಲೆಕ್ಕಕ್ಕೆ ಬಂದದ್ದು ನಾಲ್ಕೇ. ಕಪ್ ಯಾರಿಗೆ ಅನ್ನುವುದು ಬೇರೆಯೇ ಮಾರ್ಕೆಟ್.

ಓವರ್-ಅಂಡರ್ ಸುಲಭ. 2.5 ಅಂತ ಇದ್ದರೆ ಎರಡೂ ಟೀಮಿನದ್ದು ಸೇರಿ ಮೂರು ಅಥವಾ ಜಾಸ್ತಿ ಗೋಲು ಆದರೆ ಓವರ್, ಎರಡು ಅಥವಾ ಕಡಿಮೆ ಆದರೆ ಅಂಡರ್. ಬೋತ್ ಟೀಮ್ಸ್ ಟು ಸ್ಕೋರ್ ಅಂದರೆ ಎರಡೂ ಟೀಮ್ ಕನಿಷ್ಠ ಒಂದೊಂದು ಹೊಡೆಯಬೇಕು. ಡ್ರಾ ನೋ ಬೆಟ್‌ನಲ್ಲಿ ಸಮ ಆದರೆ ಕಟ್ಟಿದ ದುಡ್ಡು ವಾಪಸ್, ಆದರೆ ಅದಕ್ಕೆ ತಕ್ಕಂತೆ ರೇಟು ಕಡಿಮೆ. ಜನರಿಗೆ ಜಾಸ್ತಿ ಗೊಂದಲ ಆಗುವುದು ಏಷ್ಯನ್ ಹ್ಯಾಂಡಿಕ್ಯಾಪಿನಲ್ಲಿ, ಅಂದರೆ ಒಂದು ಟೀಮಿನ ಗೋಲಿನಿಂದ ಇಷ್ಟು ಕಳೆದು ಲೆಕ್ಕ ಹಾಕುವ ಬೆಟ್ಟಿನಲ್ಲಿ. ಬಲವಾದ ಟೀಮಿಗೆ ಮೈನಸ್ 1.5 ಅಂದರೆ ಅದು ಕನಿಷ್ಠ ಎರಡು ಗೋಲಿನ ಅಂತರದಲ್ಲಿ ಗೆಲ್ಲಬೇಕು. ಮೈನಸ್ 1 ಇದ್ದು ಒಂದೇ ಗೋಲಿನಲ್ಲಿ ಗೆದ್ದರೆ ಹಾಕಿದ್ದು ವಾಪಸ್. ಮೈನಸ್ 0.25 ಅಂದರೆ ನಿಮ್ಮ ದುಡ್ಡನ್ನು ಎರಡು ಭಾಗ ಮಾಡಿ ಅರ್ಧ ಸೊನ್ನೆಗೆ, ಅರ್ಧ ಮೈನಸ್ 0.5ಕ್ಕೆ ಹಾಕುತ್ತಾರೆ, ಡ್ರಾ ಆದರೆ ಅರ್ಧ ಕೈಗೆ ಬರುತ್ತದೆ, ಅರ್ಧ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಅಕ್ಯುಮುಲೇಟರ್ ಮೇಲೆ. ಐದಾರು ಮ್ಯಾಚ್ ಸೇರಿಸಿ ಒಂದೇ ಟಿಕೆಟ್, ಎಲ್ಲವೂ ಸರಿಯಾದರೆ ಮಾತ್ರ ಗೆಲುವು, ನೂರು ಹಾಕಿದರೆ ಸಾವಿರಗಟ್ಟಲೆ ಬರುತ್ತದೆ ಅಂತ ದೊಡ್ಡ ಅಕ್ಷರದಲ್ಲಿ ತೋರಿಸುತ್ತಾರೆ. ಸ್ವಲ್ಪ ಗುಣಾಕಾರ ಮಾಡಿ ನೋಡಿ. ಐದು ಬೆಟ್, ಪ್ರತಿಯೊಂದೂ ನಾಣ್ಯ ಚಿಮ್ಮಿದಷ್ಟೇ ಸಮ, ನ್ಯಾಯದ ರೇಟು 2.00. ಕಂಪನಿ ಕೊಡುವುದು 1.90. ಒಂದೊಂದಾಗಿ ನೋಡಿದರೆ ನೂರಕ್ಕೆ ಐದು ರೂಪಾಯಿ ಅವರ ಪಾಲು, ದೊಡ್ಡದು ಅನಿಸುವುದಿಲ್ಲ. ಐದನ್ನೂ ಸೇರಿಸಿದರೆ ನ್ಯಾಯವಾಗಿ 32 ಪಟ್ಟು ಸಿಗಬೇಕು, ಸಿಗುವುದು 24.76 ಪಟ್ಟು. ಅಂದರೆ ಕಂಪನಿಯ ಪಾಲು ನೂರಕ್ಕೆ ಐದರಿಂದ ಸುಮಾರು ಇಪ್ಪತ್ತಮೂರಕ್ಕೆ ಏರಿತು. ಇದಕ್ಕೇ ಅವರು ಬೋನಸ್ ಕೊಟ್ಟು ಕರೆಯುವುದು. ನಾಲ್ಕು ಮ್ಯಾಚ್ ಸರಿಯಾಗಿ, ಐದನೆಯದು ತಪ್ಪಿದಾಗ ‘ಒಂದರಲ್ಲಿ ಹೋಯ್ತು ಮಾರಾಯಾ’ ಅಂತ ಹುಡುಗರು ಹೇಳುತ್ತಾರಲ್ಲ, ಆ ಒಂದು ತಪ್ಪುವುದು ಈ ಲೆಕ್ಕದಲ್ಲಿ ಮಾಮೂಲಿ ವಿಷಯ.

ಮ್ಯಾಚ್ ನಡೆಯುವಾಗಲೇ ಕಟ್ಟುವ ಲೈವ್ ಬೆಟ್ಟಿಂಗಿನಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಫೋನಿನ ಸ್ಟ್ರೀಮ್ ಮೈದಾನದ ಆಟಕ್ಕಿಂತ ಎಷ್ಟೋ ಸೆಕೆಂಡ್ ಹಿಂದಿರುತ್ತದೆ. ಕಂಪನಿಗೆ ಮಾಹಿತಿ ನೇರ ಮೈದಾನದಿಂದ ಹೋಗುತ್ತದೆ. ನೀವು ಕಾರ್ನರ್ ನೋಡುವಾಗ ಅಲ್ಲಿ ಗೋಲ್ ಆಗಿ ಮುಗಿದಿರಬಹುದು. ಮ್ಯಾಚ್ ಮುಗಿಯುವ ಮೊದಲೇ ಬೆಟ್ ಬಿಟ್ಟು ದುಡ್ಡು ತೆಗೆಯುವ ಕ್ಯಾಶ್‌ಔಟ್ ಬಟನ್ ಒತ್ತಿದರೂ ಆ ಮೊತ್ತದಲ್ಲಿ ಮತ್ತೊಮ್ಮೆ ಅವರ ಪಾಲು ಕಳೆದಿರುತ್ತದೆ. ಇಷ್ಟೆಲ್ಲ ಮೀರಿ ಒಬ್ಬ ನಿಜವಾಗಿಯೂ ಲೆಕ್ಕ ಹಾಕಿ ಗೆಲ್ಲುತ್ತಾ ಹೋದರೆ ಎಷ್ಟೋ ಕಂಪನಿಗಳು ಅವನು ಕಟ್ಟಬಹುದಾದ ಮೊತ್ತವನ್ನೇ ಇಳಿಸಿಬಿಡುತ್ತವೆ. ಸೋಲುವವನಿಗೆ ಬಾಗಿಲು ಯಾವಾಗಲೂ ತೆರೆದಿರುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡು ಕಟ್ಟಿಸಿ ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷದವರೆಗೆ. ಸುಮ್ನೆ ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಆದರೆ ವಿದೇಶದಲ್ಲೆಲ್ಲೋ ಕೂತ ಸೈಟು ಗೆದ್ದ ದುಡ್ಡು ಕೊಡದಿದ್ದರೆ ಯಾರ ಹತ್ತಿರ ಕೇಳುತ್ತೀರಿ? ‘ನಿನ್ನ ಬ್ಯಾಂಕ್ ಅಕೌಂಟ್ ಕೊಡು, ದುಡ್ಡು ಬಂದು ಹೋಗ್ತದೆ, ಕಮಿಷನ್ ನಿನಗೆ’ ಅಂತ ಯಾರಾದರೂ ಕಾಲೇಜು ಹುಡುಗರನ್ನು ಕೇಳಿದರೆ ದಯವಿಟ್ಟು ಕೊಡಬೇಡಿ. ದುಡ್ಡು ಸಾಗಿಸಲು ನೆರವಾದವರಿಗೂ ಆ ಕಾಯ್ದೆಯಲ್ಲಿ ಜೈಲಿದೆ, ಮತ್ತು ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಅಕೌಂಟ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.