ತಿರುಗಿದ ಬೋರ್ಡು

ಬೆಳಿಗ್ಗೆ ಹಾಲು ತರಲು ಇಳಿಯುತ್ತಿದ್ದೆ. ಗೇಟಿನ ಬಳಿ ಒಬ್ಬ ಹುಡುಗಿ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ನೇರ ಬಂದಿರಬೇಕು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. "ಆಂಟಿ, ಮನೆ ಖಾಲಿ ಇದೆಯಾ?" ಎಂದು ಕನ್ನಡದಲ್ಲೇ ಕೇಳಿದಳು. ನಮ್ಮ ಓನರ್ ಆಂಟಿ ಮುಖ ನೋಡಿದರು, ಊರು ಕೇಳಿದರು. ಮಣಿಪುರದ ಇಂಫಾಲ. "ಅಯ್ಯೋ, ನಿನ್ನೆಯೇ ಅಡ್ವಾನ್ಸ್ ತೆಗೆದುಕೊಂಡುಬಿಟ್ಟೆವಮ್ಮ" ಎನ್ನುತ್ತಾ ಗೇಟಿಗೆ ತಂತಿಯಲ್ಲಿ ಕಟ್ಟಿದ್ದ ಟು-ಲೆಟ್ ಬೋರ್ಡನ್ನು ಒಳಮುಖವಾಗಿ ತಿರುಗಿಸಿದರು. ನಾನು ಹಾಲಿನೊಂದಿಗೆ ವಾಪಸಾಗುವಷ್ಟರಲ್ಲಿ ಅದು ಮತ್ತೆ ರಸ್ತೆಗೆ ಮುಖ ಮಾಡಿತ್ತು.

"ಅವರ ಅಡುಗೆ ವಾಸನೆ ಕಣಮ್ಮ" ಎಂದು ನನಗೆ ಸಮಜಾಯಿಷಿ ಬೇರೆ. ಆರು ವರ್ಷದಿಂದ ಅವರ ತಲೆಯ ಮೇಲೆಯೇ ಒಣಸಿಗಡಿ ಚಟ್ನಿ ಅರೆಯುತ್ತಿರುವ ಕುಂದಾಪುರದವಳು ನಾನು! ಆಂಟಿಯ ಮೂಗಿಗೆ ಏನೂ ಬಡಿದಿರಲಿಲ್ಲ, ಕಣ್ಣಿಗೆ ಬಿದ್ದದ್ದು ಆ ಹುಡುಗಿಯ ಮೂಗು.

ಸಂವಿಧಾನದ 15ನೇ ವಿಧಿಯಲ್ಲಿ ಜಾತಿ, ಧರ್ಮದ ಜೊತೆಗೆ ಜನಾಂಗವೂ ಇದೆ, ಹುಟ್ಟಿದ ಸ್ಥಳವೂ ಇದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಎಲ್ಲವನ್ನೂ ಹೆಸರಿಸಿ ಬರೆದಿದ್ದಾರೆ. ಬಾಡಿಗೆ ಮನೆಯ ಗೇಟು ಮಾತ್ರ ಆ ಪಟ್ಟಿಯಲ್ಲಿಲ್ಲ. ಜನಾಂಗ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 1968ರಲ್ಲೇ ಅನುಮೋದಿಸಿತು, ಅದರಲ್ಲಿ ವಸತಿಯ ಹಕ್ಕೂ ಇದೆ. 2014ರಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಗೊಳಗಾಗಿ ಸತ್ತ. ಜಗಳ ಹುಟ್ಟಿದ್ದು ಅವನ ಕೂದಲನ್ನು ಗೇಲಿ ಮಾಡಿದ್ದರಿಂದ. ಈಶಾನ್ಯದವರ ಸಮಸ್ಯೆಗಳನ್ನು ನೋಡಲು ಕೇಂದ್ರ ನೇಮಿಸಿದ್ದ ಬೇಜ್‌ಬರುವಾ ಸಮಿತಿ ಅದೇ ವರ್ಷ ವರದಿ ಕೊಟ್ಟು, ಹೊಸ ಕಾನೂನು ತನ್ನಿ, ಇಲ್ಲವೇ ದಂಡ ಸಂಹಿತೆಯನ್ನು ತಿದ್ದಿ ಎಂದಿತು. 2024ರಲ್ಲಿ ದಂಡ ಸಂಹಿತೆಯೇ ಹೋಗಿ ನ್ಯಾಯ ಸಂಹಿತೆ ಬಂತು. ನಮ್ಮ ಗೇಟಿನವರೆಗೆ ಅದೂ ಬರಲಿಲ್ಲ.

"ಅವರ ಮನೆ, ಅವರಿಷ್ಟ" ಎನ್ನುವಿರಾ? ಹೋಟೆಲೂ ಯಾರದೋ ಸ್ವಂತದ್ದೇ ಅಲ್ಲವೇ ಸ್ವಾಮಿ? ಕಾನೂನಿನಿಂದ ಮನಸ್ಸು ಬದಲಾಗುವುದಿಲ್ಲವಂತೆ. ಆಂಟಿಯ ಮನಸ್ಸು ಯಾರಿಗೆ ಬೇಕು? ಬೋರ್ಡು ತಿರುಗದಿದ್ದರೆ ಸಾಕು.

ನಾನೇನು ಮಾಡಿದೆ ಎಂದು ಕೇಳಬೇಡಿ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಇದೇ ಬೆಂಗಳೂರಿನಿಂದ ಗುವಾಹಟಿ ರೈಲಿಗೆ ಮುಗಿಬಿದ್ದ ಈಶಾನ್ಯದವರನ್ನು ಟಿವಿಯಲ್ಲಿ ನೋಡಿ ಅತ್ತವಳು ನಾನು. ಇವತ್ತು, ಮುಂದಿನ ತಿಂಗಳು ಕರಾರು ಮುಗಿಯುತ್ತದೆ ಎಂಬುದು ನೆನಪಾಗಿ, ಹಾಲಿನ ಪ್ಯಾಕೆಟ್ ಹಿಡಿದು ಸುಮ್ಮನೆ ಮೆಟ್ಟಿಲು ಹತ್ತಿದೆ.

ಈಗಷ್ಟೇ ಆಂಟಿಯ ವಾಟ್ಸ್‌ಆ್ಯಪ್ ಬಂತು: "ನಿಮ್ಮ ಕಡೆಯವರು ಯಾರಾದರೂ ಮನೆ ಹುಡುಕುತ್ತಿದ್ದರೆ ಹೇಳಮ್ಮ."