ಫ್ರೀರೈಡೂ ಬೇಕು, ಸ್ಟ್ರೀಟೂ ಬೇಕು ಅನ್ನುವವರಿಗೆ

ಫ್ರೀರೈಡ್‌ಗೂ (ಇಳಿಜಾರಲ್ಲಿ ವೇಗವಾಗಿ ಇಳಿಯುತ್ತಾ ಅಡ್ಡ ತಿರುಗಿ ಜಾರುವುದು) ಸೈ, ಸ್ಟ್ರೀಟ್‌ಗೂ (ಬೀದಿಯಲ್ಲಿ ಹಾರಿ ಟ್ರಿಕ್ ಮಾಡುವುದು) ಸೈ ಅಂತ ಮಾರುವ ಲಾಂಗ್‌ಬೋರ್ಡ್, ಅಂದರೆ ಉದ್ದನೆ ಸ್ಕೇಟ್‌ಬೋರ್ಡ್ ಡೆಕ್‌ಗಳ (ಕಾಲಿಡುವ ಹಲಗೆ) ಮೇಲೆ ನನಗೆ ಮೊದಲಿಂದಲೂ ಅನುಮಾನ. ಗೆಳೆಯನ ಹತ್ತಿರ ಅಂಥದ್ದೊಂದಿತ್ತು. 37 ಇಂಚು ಉದ್ದ, ಮೇಪಲ್ ಮರದ್ದು, ಎರಡೂ ತುದಿಗೆ ಮೇಲೆ ಬಾಗಿದ ಕಿಕ್‌ಟೇಲ್. ಇಸ್ಕೊಂಡು ಬಂದು ಓಡಿಸಿದೆ. ಕಂಪನಿ ಹೆಸರು ಕೇಳಬೇಡಿ, ಈ ಮಾತು ಆ ಅಳತೆಯ ಹೆಚ್ಚುಕಮ್ಮಿ ಎಲ್ಲ ಡೆಕ್‌ಗೂ ಹೊಂದುತ್ತದೆ.

ಮೊದಲು ಇಳಿಜಾರು. ಬೆಂಗಳೂರಿನ ಹೊರಗೆ ಹೊಸ ಲೇಔಟ್‌ಗಳಿವೆಯಲ್ಲ, ರೋಡ್ ಹಾಕಿ ಮನೆ ಇನ್ನೂ ಏಳದವು, ಭಾನುವಾರ ಬೆಳಿಗ್ಗೆ ಬೇಗ ಹೋದರೆ ಬೀದಿನಾಯಿ ಬಿಟ್ಟು ಯಾರೂ ಇರುವುದಿಲ್ಲ. ಹೆಲ್ಮೆಟ್, ಸ್ಲೈಡ್ ಗ್ಲೌಸ್ ಹಾಕಿಕೊಂಡು ಸ್ಲೈಡ್ ಹೊಡೆದು ನೋಡಿದೆ. ಇಲ್ಲಿ ಡೆಕ್‌ಗೆ ಫುಲ್ ಮಾರ್ಕ್ಸ್. ಅಂಚು ಮೇಲೆದ್ದು ನಡು ತಗ್ಗಿರುವ ಕಾನ್‌ಕೇವ್ ಎಷ್ಟು ಸರಿಯಾಗಿದೆ ಅಂದರೆ, ಬೋರ್ಡ್ ಅಡ್ಡ ತಿರುಗಿ ಜಾರುವಾಗಲೂ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಬೇಕಿಲ್ಲ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಟ್ರಕ್‌ಗಳ (ಡೆಕ್ ಕೆಳಗೆ ವೀಲ್ ಹಿಡಿದಿರುವ ಲೋಹದ ಭಾಗ) ನಡುವಿನ ದೂರ 23 ಇಂಚು, ವೇಗ ಬಂದರೂ ಗಾಬರಿಯಿಲ್ಲ. ತೀರಾ ಓರೆಯಾಗಿ ತಿರುಗಿಸಿದಾಗ ಮಾತ್ರ ವೀಲ್ ಡೆಕ್‌ಗೆ ತಾಗುತ್ತಿತ್ತು, ಟ್ರಕ್‌ಗೂ ಡೆಕ್‌ಗೂ ನಡುವೆ ಎತ್ತರ ಕೊಡುವ ರೈಸರ್ ಪ್ಯಾಡ್ ಇಟ್ಟ ಮೇಲೆ ಸರಿಹೋಯಿತು.

ಅದೇ ವೀಲ್‌ಬೇಸ್ ಸ್ಟ್ರೀಟ್‌ಗೆ ಬಂದರೆ ಶತ್ರು. ಸ್ಟ್ರೀಟ್ ಡೆಕ್‌ಗಳಲ್ಲಿ ಅದು ಸುಮಾರು 14 ಇಂಚು. ಮುಂದಿನ ಟ್ರಕ್ ದೂರ ಹೋದಷ್ಟೂ ಟೇಲ್ ಒತ್ತಿ ಮೂತಿ ಎತ್ತುವುದು ಕಷ್ಟ. ಜೊತೆಗೆ ಎತ್ತರದ ಟ್ರಕ್, 70 ಮಿ.ಮೀ. ವೀಲ್, ಹಾಗಾಗಿ ಟೇಲ್ ನೆಲ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ. ಓಲಿ (ಟೇಲ್ ಒತ್ತಿ ಬೋರ್ಡ್ ಸಮೇತ ಹಾರುವುದು) ಏಳುತ್ತದೆ, ಆದರೆ ಎಮ್ಮೆ ಎದ್ದ ಹಾಗೆ. ಹಾರುತ್ತಾ ಬೋರ್ಡ್ ಉರುಳಿಸುವ ಕಿಕ್‌ಫ್ಲಿಪ್ ಆಸೆ ಬಿಟ್ಟುಬಿಡಿ.

ಇಷ್ಟಾದರೂ ನಾನು ಈ ಡೆಕ್ ಪರ. ಯಾಕೆ ಅಂದರೆ, ಸ್ಟ್ರೀಟ್ ಬೋರ್ಡಿನ 52 ಮಿ.ಮೀ.ನ 99ಎ (ಈ ಅಂಕಿ ಹೆಚ್ಚಿದಷ್ಟೂ ವೀಲ್ ಗಟ್ಟಿ) ಗಟ್ಟಿ ವೀಲ್ ಹುಟ್ಟಿರುವುದು ನುಣ್ಣನೆ ಕಾಂಕ್ರೀಟ್‌ಗೆ. ಅದನ್ನು ನಮ್ಮ ಜಲ್ಲಿ ಎದ್ದ ಟಾರ್ ರೋಡ್ ಮೇಲೆ ಬಿಟ್ಟು ನೋಡಿ, ಹಲ್ಲು ಅದುರುತ್ತದೆ, ಒಂದು ಸಣ್ಣ ಕಲ್ಲು ಸಿಕ್ಕರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಫ್ರಾಂಕ್ ನ್ಯಾಸ್‌ವರ್ದಿ ಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ವೀಲ್ ತರುವವರೆಗೆ ಅಲ್ಲೂ ಜನ ಮಣ್ಣಿನ ಗಟ್ಟಿ ವೀಲ್‌ಗಳಲ್ಲಿ ಇದೇ ಪಾಡು ಪಟ್ಟಿದ್ದರು. ನಮ್ಮ ರೋಡಿಗೆ 78ಎ ಅಥವಾ 80ಎ ಮೆತ್ತನೆ ವೀಲೇ ಸರಿ. ಅಂಥ ದೊಡ್ಡ ವೀಲ್ ಹಿಡಿಸುವ, ಟೇಲೂ ಇರುವ ಡೆಕ್ ಇದ್ದರೆ ಫುಟ್‌ಪಾತ್ ಹತ್ತಬಹುದು, ಚಪ್ಪಡಿ ಸಂದು ದಾಟಬಹುದು, ಎರಡೇ ವೀಲ್ ಮೇಲೆ ಓಡುವ ಮ್ಯಾನುಯಲ್ ಹೊಡೆಯಬಹುದು, ಎದುರಿಗೆ ಸ್ಕೂಟರ್ ಬಂದರೆ ಥಟ್ ಅಂತ ಟೇಲ್ ಒತ್ತಿ ತಿರುಗುವ ಕಿಕ್‌ಟರ್ನ್ ಮಾಡಬಹುದು. ನಮಗೆ ದಿನಾ ಬೇಕಾಗುವುದು ಇಷ್ಟೇ ಅಲ್ವಾ?

ಸ್ಕೇಟ್‌ಪಾರ್ಕ್ ಪಕ್ಕದಲ್ಲೇ ಇರುವವರು ಸುಮ್ನೆ ಮಾಮೂಲಿ ಸ್ಟ್ರೀಟ್ ಬೋರ್ಡ್ ತಗೊಳ್ಳಿ. ಉಳಿದವರು ಕೊಳ್ಳುವಾಗ ಬಣ್ಣ ನೋಡಬೇಡಿ, ವೀಲ್‌ಬೇಸ್ ಎಷ್ಟು ಅಂತ ಕೇಳಿ, ಟ್ರಕ್ ಕೂರಿಸಲು ಎರಡು ಸಾಲು ತೂತು ಇದ್ದರೆ ಇನ್ನೂ ಒಳ್ಳೆಯದು, ಹತ್ತಿರ ತಂದರೆ ಓಲಿಗೆ ಸ್ವಲ್ಪ ಜೀವ ಬರುತ್ತದೆ.

ಅಂದಹಾಗೆ, ಕನಕಪುರ ರಸ್ತೆ ಕಡೆ ಹಂಪ್ಸ್ ಇಲ್ಲದ ಖಾಲಿ ಲೇಔಟ್ ಗೊತ್ತಿರುವವರು ಇನ್‌ಬಾಕ್ಸ್ ಮಾಡಿ. ಇಲ್ಲಿ ಕಾಮೆಂಟ್‌ನಲ್ಲಿ ಬೇಡ, ಬೈಕಿನವರು ಬಂದುಬಿಡುತ್ತಾರೆ.