ಎಳೆ ಬರುವ ಮೊದಲೇ ಒಲೆ ಆರಿಸಿ

ಒಂದು ಲೋಟ ಸಕ್ಕರೆ, ಒಂದು ಲೋಟ ನೀರು. ಬಿಸಿ ಮಾಡಿ, ಸಕ್ಕರೆ ಕರಗಿದ ಕೂಡಲೇ ಒಲೆ ಆರಿಸಿ. ಶರಬತ್ತಿಗೆ ಹಾಕುವ ಸಿರಪ್ ಅಂದರೆ ಇಷ್ಟೇ. ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷ ಅತ್ತೆ ಅಡುಗೆಮನೆಗೆ ಬರಬಾರದು.

ನಮ್ಮತ್ತೆ ಜಾಮೂನಿನಿಂದ ಮೈಸೂರು ಪಾಕಿನವರೆಗೆ ಎಲ್ಲಕ್ಕೂ ಪಾಕ ತೆಗೆದು ಸೈ ಎನಿಸಿಕೊಂಡವರು. ಸಕ್ಕರೆ ನೀರು ಒಲೆ ಮೇಲೆ ಕಂಡರೆ ಅದು ಪಾಕ ಆಗಲೇಬೇಕು. ನಾನು ಒಲೆ ಆರಿಸುವುದು, ಅವರು ಹಚ್ಚುವುದು. "ಇದೇನೇ ಹಿಂಗೆ ನೀರುನೀರಾಗಿದೆ? ಒಂದೆಳೆನಾದ್ರೂ ಬರ್ಲಿ ಇರು." ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹನಿ ಹಿಡಿದು, ಒತ್ತಿ, ಬಿಡಿಸಿ, ಕಿಟಕಿ ಬೆಳಕಿಗೆ ನೋಡುತ್ತಾರೆ. ಎಳೆ ಕಡಿಯದೆ ನಿಂತರೆ ಅವರಿಗೆ ಸಮಾಧಾನ. ಆ ಸಮಾಧಾನವನ್ನು ಬಾಟಲಿಗೆ ತುಂಬಿ ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಇಟ್ಟು ನೋಡಿ. ತಳದಲ್ಲಿ ಕಲ್ಲುಸಕ್ಕರೆ! ಕುದಿದಷ್ಟೂ ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ, ತಣ್ಣಗಾದಾಗ ಹೆಚ್ಚಾದದ್ದು ಹರಳುಗಟ್ಟುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿದ್ದರೆ ಇಷ್ಟು ಬೇಗ ಹರಳಾಗುತ್ತಿರಲಿಲ್ಲ. ಇದನ್ನು ಹೇಳಿಕೊಟ್ಟವರೂ ಅತ್ತೆಯೇ. ಬಾಟಲಿಯೊಳಗೆ ಚಮಚ ಸಿಕ್ಕಿಕೊಂಡ ಮೇಲೆ.

ಇದೆಲ್ಲ ಶುರುವಾದದ್ದು ಮಗಳಿಂದ. ಬೆಂಗಳೂರಲ್ಲಿ ಓದುತ್ತಾಳೆ. ಅಲ್ಲಿ ಕೆಫೆಗೆ ಹೋಗಿ, ಲೋಟಕ್ಕೆ 250 ರೂಪಾಯಿ ಕೊಟ್ಟು, ಐಸಿನ ಮೇಲೆ ಹುಯ್ದ ಏಲಕ್ಕಿ ಸಿರಪ್ ಕುಡಿದು ಬರುತ್ತಾಳೆ. ಏಲಕ್ಕಿ, ಮೆಣಸು, ಕಿತ್ತಳೆ, ಶುಂಠಿ ಎಲ್ಲ ನಮ್ಮ ಸುತ್ತಮುತ್ತಲೇ ಬೆಳೆಯುವಾಗ ಹೊಟ್ಟೆ ಉರಿಯದೆ ಇರುತ್ತಾ? ಏಲಕ್ಕಿ ಸುಲಭ. ಸಿಪ್ಪೆ ಸಮೇತ ಜಜ್ಜಿ, ಒಲೆ ಆರಿಸಿದ ಮೇಲೆ ಹಾಕಿ, ಮುಚ್ಚಿಟ್ಟು, ಅರ್ಧ ಗಂಟೆ ಬಿಟ್ಟು ಸೋಸಿದರೆ ಸಾಕು. ಕಿತ್ತಳೆಯದು ಮೇಲಿನ ಬಣ್ಣದ ಸಿಪ್ಪೆ ಮಾತ್ರ ಬೇಕು, ಒಳಗಿನ ಬಿಳಿ ಸೇರಿದರೆ ಕಹಿ. ನಮ್ಮನೆಯವರು ಪ್ರೀತಿಯಿಂದ ಸಿಪ್ಪೆ ಹೆರೆದುಕೊಟ್ಟ ದಿನದ ಸಿರಪ್ಪನ್ನು ಹೊಟ್ಟೆಹುಳದ ಔಷಧಿ ಅಂತ ಹಂಚಬಹುದಿತ್ತು.

ಕಾಫಿ ಸಿರಪ್ ಮಾತ್ರ ನನ್ನ ಹೆಮ್ಮೆ. ಫಿಲ್ಟರಿನಲ್ಲಿ ಇಳಿಸಿದ ಗಟ್ಟಿ ಡಿಕಾಕ್ಷನ್, ಅದರಷ್ಟೇ ಸಕ್ಕರೆ, ಕರಗಿಸಿದರೆ ಆಯ್ತು. ಪುಡಿಯಲ್ಲಿ ಚಿಕೋರಿ ಇರಬಾರದು ಅನ್ನೋದು ನನ್ನ ಹಟ. ತಣ್ಣನೆ ಹಾಲಿಗೆ ಎರಡು ಚಮಚ ಹಾಕಿ ಕುಡಿದರೆ ಯಾವ ಕೆಫೆಯೂ ಬೇಡ. ಇದರದ್ದು ಒಂದೇ ತೊಂದರೆ. ನೋಡೋಕೆ ಥೇಟ್ ಜೋನಿಬೆಲ್ಲ.

ಕೊಪ್ಪದಿಂದ ನಮ್ಮ ದೊಡ್ಡಪ್ಪ ಬಂದಿದ್ದರು. ರಾತ್ರಿ ಊಟಕ್ಕೆ ನೀರುದೋಸೆ. ನಾನು ಎರಡನೇ ದೋಸೆ ತರುವಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಬಾಟಲಿ ಬಗ್ಗಿಸಿ, ಮೊದಲನೇ ದೋಸೆ ಮುಳುಗುವಷ್ಟು ಸುರಿದುಕೊಂಡು, ಮೇಲೆ ತುಪ್ಪ ಬಿಟ್ಟುಕೊಂಡಿದ್ದರು. ತುತ್ತು ಬಾಯಿಗೆ ಹೋಯಿತು. ಅಗಿಯುವುದು ನಿಂತಿತು. ಹುಬ್ಬು ಮೇಲೇರಿತು. ನಾನು ಉಸಿರು ಬಿಗಿಹಿಡಿದೆ.

"ಯಾವ ಆಲೆಮನೇದೇ ಇದು?"

"ಯಾಕೆ ದೊಡ್ಡಪ್ಪ?"

"ಬೆಲ್ಲ ಸ್ವಲ್ಪ ಸೀದಿದೆ. ಕೊಪ್ಪರಿಗೆ ಕೆಳಗೆ ಬೆಂಕಿ ಜಾಸ್ತಿ ಮಾಡಿದಾರೆ ನೋಡು."

ಇಷ್ಟು ಹೇಳಿ ಎರಡನೇ ದೋಸೆಗೂ ಸುರಿದುಕೊಂಡರು. ಹಿರಿಯರು, ಬೆಲ್ಲದ ವಿಷಯದಲ್ಲಿ ಅನುಭವಸ್ಥರು. ತಿದ್ದೋಕೆ ಬಾಯಿ ಬರಲಿಲ್ಲ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರಂತೆ. ಅದು ನೀರುದೋಸೆಯ ಮೇಲೂ ಹರಿಯುತ್ತದೆ ಅಂತ ಅವರಿಗಾದರೂ ಎಲ್ಲಿ ಗೊತ್ತಿತ್ತು! ಅವತ್ತು ನಡುರಾತ್ರಿ ಕಳೆದರೂ ದೊಡ್ಡಪ್ಪನಿಗೆ ಕಣ್ಣು ಮುಚ್ಚಲಿಲ್ಲ. ಜಗಲಿಯಲ್ಲಿ ಶತಪಥ ಹಾಕುತ್ತಾ, ನಿದ್ದೆಗಣ್ಣಿನ ನಮ್ಮ ಮಾವನಿಗೆ ಅಡಿಕೆಯ ಹಳದಿ ಎಲೆ ರೋಗದ ಚರಿತ್ರೆ ಪೂರ್ತಿ ಹೇಳಿದರು.

ಇನ್ನು ಮುರುಗಲು ಹಣ್ಣು. ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಗೆ ಹಾಕಿ ಬಿಸಿಲಿಗಿಟ್ಟರೆ ಒಲೆಯೇ ಬೇಡ, ಕೆಂಪಗೆ ರಸ ಬಿಟ್ಟುಕೊಳ್ಳುತ್ತದೆ. ಸಕ್ಕರೆ ಧಾರಾಳವಾಗಿರಬೇಕು. ಅದು ಬರೀ ಸಿಹಿಗಲ್ಲ, ಕೆಡದಂತೆ ಕಾಯುವುದೂ ಅದೇ. ನಮ್ಮನೆಯವರು ಶುಗರ್ ಭಯಕ್ಕೆ ಅರ್ಧಕ್ಕರ್ಧ ಕಡಿಮೆ ಮಾಡಿಸಿದರು. ಸರಿ, ಫ್ರಿಜ್ ಇದೆಯಲ್ಲ ಅಂದುಕೊಂಡರೆ ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಹೋದದ್ದು ಬರಲೇ ಇಲ್ಲ. ಬಾಟಲಿ ಅಡುಗೆಕಟ್ಟೆಗೆ ಬಂತು. ಒಂದು ರಾತ್ರಿ ಢಂ ಅಂತ ಸದ್ದು. ಮಾವ ಎದ್ದು ಕೂತು, "ತೋಟದಲ್ಲಿ ಯಾರೋ ಹಂದಿಗೆ ಈಡು ಹೊಡೆದ್ರು" ಅಂದರು. ಟಾರ್ಚ್ ಬಿಟ್ಟು ನೋಡಿದರೆ ಮುಚ್ಚಳ ಹಾರಿಹೋಗಿದೆ, ಕ್ಯಾಲೆಂಡರಿನ ಗಣಪತಿ ಕೆಂಪಗಾಗಿದ್ದಾನೆ, ಬಾಟಲಿಯಲ್ಲಿ ನೊರೆ. ಹುಳಿತು ಗ್ಯಾಸ್ ಕಟ್ಟಿಕೊಂಡಿತ್ತು. ಉಳಿದದ್ದನ್ನು ಚೆಲ್ಲೋಕೆ ಹೊರಟರೆ ಮಾವ ತಡೆದರು. "ಕೆಟ್ಟಿದೆಯೋ ಇಲ್ವೋ ನೋಡ್ಬೇಕಲ್ಲ" ಅಂತ ಒಂದು ಲೋಟಕ್ಕೆ ಬಗ್ಗಿಸಿಕೊಂಡು ಕೋಣೆಗೆ ಹೋದವರು, ಇನ್ನೊಮ್ಮೆ ನೋಡಬೇಕು ಅಂತ ವಾಪಸ್ ಬಂದರು.

ಕೊನೆಗೆ ಶುಂಠಿ. ನನ್ನ ಓರಗಿತ್ತಿಯ ತವರು ಹಾಸನದ ಕಡೆ. ಬರುವಾಗಲೆಲ್ಲ ಒಂದು ಚೀಲ ಶುಂಠಿ ತರುತ್ತಾಳೆ. ಕುದಿಸಿದರೆ ಖಾರ ಹೋಗುತ್ತೆ ಅಂತ ಅವಳ ವಾದ. ತುರಿದು, ಹಿಂಡಿ, ಹಸಿ ರಸವನ್ನೇ ತಣ್ಣಗಾದ ಸಿರಪ್ಪಿಗೆ ಸೇರಿಸಿದಳು. ಸೋಡಾಕ್ಕೆ, ನಿಂಬೆಹಣ್ಣಿಗೆ ಅದ್ಭುತವಾಗಿತ್ತು, ಸುಳ್ಳು ಹೇಳಬಾರದು. ಮಗುವಿಗೆ ನೆಗಡಿ ಅಂತ ಅದನ್ನೇ ಬಿಸಿ ಹಾಲಿಗೆ ಹಾಕಿದಳು ನೋಡಿ, ಹತ್ತು ನಿಮಿಷದಲ್ಲಿ ಹಾಲು ಅಲುಗಾಡದಂತೆ ಕೂತುಬಿಟ್ಟಿತು. ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಗುಣವಿದೆ, ಕುದಿಸಿದರೆ ಹೊರಟುಹೋಗುತ್ತದೆ. ಚೀನಾದ ಗುವಾಂಗ್‌ಡಾಂಗ್ ಕಡೆ ಬೇಕಂತಲೇ ಹೀಗೆ ಮಾಡಿ ತಿನ್ನುತ್ತಾರೆ. ಇದನ್ನೆಲ್ಲ ನಾನು ವಿವರಿಸುತ್ತಿದ್ದರೆ ಕೇಳುವವರು ಯಾರು? ಓರಗಿತ್ತಿ ಹಾಲಿನವನನ್ನು ಬೈಯುತ್ತಿದ್ದಳು.

ಅತ್ತೆ ಲೋಟ ಓರೆ ಮಾಡಿದರು. ಹಾಲು ಜಾರಲಿಲ್ಲ. ಚಮಚದಲ್ಲಿ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡರು.

"ಒಡೆದಿಲ್ಲ ಕಣ್ರೇ. ಗಿಣ್ಣು! ಹಸು ಕರು ಹಾಕದೇನೇ ಗಿಣ್ಣು!"

ಶುಂಠಿ ಬಾಟಲಿ ಈಗ ಅವರ ಕಪಾಟಿನಲ್ಲಿದೆ. ಶರಬತ್ತಿಗೆ ಕೇಳಿದರೆ ಕೊಡುವುದಿಲ್ಲ.